ಮುಂದೆ ಕೂತವನ ಕೂಗು

"ಗುರುಗಳೇ, ಒಬ್ಬರ ಮನಸ್ಸು ನೋಯಬಾರದೆಂದು ನಿಜವನ್ನು ಮುಚ್ಚಿಟ್ಟರೆ ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ಮಠದ ಔಷಧದ ಕೋಣೆಯಲ್ಲಿ ಕೆಲಸಕ್ಕಿದ್ದವನು. ಅಲ್ಲಿ ಬೇರು ನಾರು ಅರೆದು ಕೊಡುತ್ತಿದ್ದ ಹಿರಿಯರಿಗೆ ಈಚೆಗೆ ಮರೆವು ಹತ್ತಿತ್ತು. ಅವರು ಒಂದರ ಬದಲು ಇನ್ನೊಂದನ್ನು ಕಟ್ಟಿಕೊಟ್ಟಾಗ ಶಿಷ್ಯ ಬಾಗಿಲ ಬಳಿ ನಿಂತು ಪೊಟ್ಟಣ ಬದಲಿಸಿ ಕಳಿಸುತ್ತಿದ್ದ. ಇದನ್ನು ಅವನು ಗುರುಗಳಿಗೆ ಹೇಳಲಿಲ್ಲ. ಯಾರ ವಿಷಯ ಎಂದು ಗುರುಗಳೂ ಕೇಳಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ ಅವರು ಹೇಳಿದ ಕತೆ ಇದು.

ಒಂದು ಹೊಳೆ. ಅದರ ದಂಡೆಯಲ್ಲಿ ಅಂಬಿಗರ ಊರು. ಊರಿನ ಕೆಳಗೆ ಹೊಳೆ ಎರಡು ಗುಡ್ಡಗಳ ನಡುವೆ ಇಕ್ಕಟ್ಟಿಗೆ ಸಿಕ್ಕಿ, ಬಂಡೆಗಳ ಮೇಲೆ ಬಿದ್ದು ಎದ್ದು ಇಳಿಯುತ್ತಿತ್ತು. ಆ ಇಳಿಜಾರಿಗೆ ಬಂಡೆಸಾಲು ಎಂದು ಹೆಸರು. ಅದನ್ನು ದಾಟಿದರೆ ಹೊಳೆ ಮತ್ತೆ ಶಾಂತವಾಗಿ ಹರಿದು ಸಂತೆಯ ಊರನ್ನು ಮುಟ್ಟುತ್ತಿತ್ತು. ಕಾಡಿನ ಜೇನು, ಮೇಣ, ಸೀಗೆಕಾಯಿ ಎಲ್ಲವೂ ಆ ದಾರಿಯಲ್ಲೇ ಹೋಗಬೇಕು. ಇಳಿಯುವಾಗ ದೋಣಿಯಲ್ಲಿ ಇಳಿದು, ಬರುವಾಗ ದೋಣಿಯನ್ನು ಹೊತ್ತುಕೊಂಡು ಗುಡ್ಡದ ಕಾಲುದಾರಿ ಹತ್ತಿ ಬರುವುದು ಅವರ ರೂಢಿ. ಅದಕ್ಕೆಂದೇ ಅವರ ದೋಣಿಗಳು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಉದ್ದನೆಯ ದೋಣಿಗಳು. ಇಬ್ಬರು ಎತ್ತುವಷ್ಟು ಹಗುರ.

ಬಂಡೆಸಾಲಿಗೆ ಎಲ್ಲರೂ ಇಳಿಯುವಂತಿರಲಿಲ್ಲ. ಮೇಲಿನ ಸಮನೀರಿನಲ್ಲಿ ವರ್ಷಗಟ್ಟಲೆ ಹುಟ್ಟು ಹಾಕಿ ಪಳಗಿದವರಿಗೆ ಮಾತ್ರ ಊರ ಹಿರಿಯರು ಒಪ್ಪಿಗೆ ಕೊಡುತ್ತಿದ್ದರು. ಒಂದು ದೋಣಿಗೆ ಇಬ್ಬರು. ಮುಂದೆ ಕೂತವನು ನೀರು ನೋಡಿ ದಾರಿ ಕೂಗಬೇಕು. ಹಿಂದೆ ಕೂತವನು ಆ ಕೂಗಿನಂತೆ ದೋಣಿ ತಿರುಗಿಸಬೇಕು. ನೊರೆಯಿಲ್ಲದ ಕಪ್ಪು ನೀರು ಎಲ್ಲಿ ಚೂಪಾಗಿ ಇಳಿಯುತ್ತದೋ ಅಲ್ಲಿ ದಾರಿ. ನೀರು ಎಲ್ಲಿ ಬೆನ್ನು ಉಬ್ಬಿಸಿಕೊಂಡು ಹೋಗುತ್ತದೋ ಅದರ ಕೆಳಗೆ ಬಂಡೆ. ಹೊಳೆ ಏರಿದರೆ ಒಂದು ದಾರಿ, ಇಳಿದರೆ ಇನ್ನೊಂದು. ನಿನ್ನೆ ದಾಟಿದ ಕಡೆ ಇಂದು ದಾಟಲು ಬರುವುದಿಲ್ಲ. ಅಂಥ ಕಡೆ ಹಿಂದೆ ಕೂತವನಿಗೆ ಯೋಚಿಸಲು ಪುರಸೊತ್ತಿಲ್ಲ. ಕೂಗು ಕಿವಿಗೆ ಬಿದ್ದೊಡನೆ ಹುಟ್ಟು ನೀರಿಗೆ ಬೀಳಬೇಕು. ಕೂಗನ್ನು ಮೀರಬಾರದು ಎಂಬುದು ಆ ಊರು ತನ್ನ ಮಕ್ಕಳಿಗೆ ಕಲಿಸುತ್ತಿದ್ದ ಮೊದಲ ಪಾಠ.

ಆ ಊರಿನಲ್ಲಿ ಒಬ್ಬ ಅಂಬಿಗನಿದ್ದ. ಮುಂದೆ ಕೂತು ದಾರಿ ಕೂಗುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಹಿಂದೆ ಹುಟ್ಟು ಹಿಡಿಯುತ್ತಿದ್ದವಳು ಅವನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳೇ ಹಟ ಹಿಡಿದು ಕಲಿತಿದ್ದಳು. ಹಿರಿಯರು ಮೊದಲು ಒಪ್ಪಲಿಲ್ಲ. ಅವಳ ಕೈ ನೋಡಿದ ಮೇಲೆ ಸುಮ್ಮನಾದರು. ಇಬ್ಬರಿಗೂ ಮಕ್ಕಳಿರಲಿಲ್ಲ. ಅವನ ಕೂಗು, ಅವಳ ಹುಟ್ಟು, ಇಷ್ಟರಲ್ಲೇ ಅವರ ಬಾಳು ಸಾಗಿತ್ತು.

ಅಂಬಿಗ ತಂದೆತಾಯಿ ಇಲ್ಲದೆ ಬೆಳೆದವನು. ಚಿಕ್ಕಂದಿನಲ್ಲಿ ಅವರಿವರ ಮನೆಯ ಹಿತ್ತಿಲಲ್ಲಿ ಉಂಡವನು. ಬಂಡೆಸಾಲು ಅವನಿಗೆ ಊರಿನಲ್ಲಿ ಒಂದು ಜಾಗ ಕೊಟ್ಟಿತ್ತು. ಅವನು ಬಂದರೆ ಕಟ್ಟೆಯ ಮೇಲೆ ಕೂತವರು ಸರಿದು ಎಡೆ ಮಾಡಿಕೊಡುತ್ತಿದ್ದರು. ಅದು ಅವನಿಗೆ ಎಂಥದು ಎಂಬುದು ಹೆಂಡತಿಗೆ ಗೊತ್ತಿತ್ತು.

ಕಣ್ಣಿನ ವಿಷಯ ಅವಳಿಗೆ ತಿಳಿದದ್ದು ನೀರಿನ ಮೇಲೆಯೇ. ಒಂದು ಬೆಳಗ್ಗೆ ಅವನು ಬಲಕ್ಕೆ ಎಂದು ಕೂಗಿದ. ಬಲಕ್ಕೆ ನೀರು ಬೆನ್ನು ಉಬ್ಬಿಸಿಕೊಂಡಿತ್ತು. ಅದು ಅವಳ ಕಣ್ಣಿಗೇ ಬಿತ್ತು. ಕೈ ತಾನಾಗಿ ಎಡಕ್ಕೆ ಎಳೆಯಿತು. ಕೆಳಗಿನ ಮಡುವಿಗೆ ಇಳಿದ ಮೇಲೆ ಅವನು ಹಿಂದಕ್ಕೆ ತಿರುಗಿ ನಕ್ಕ. ಎಂಥ ಜಾಗದಲ್ಲಿ ತೂರಿಸಿದೆವು ನೋಡು ಎಂದ. ಅವಳು ದೋಣಿಯನ್ನು ದಂಡೆಯ ಕಡೆ ತಿರುಗಿಸಿದಳು.

ಆಮೇಲೆ ಅವಳು ಗಮನಿಸತೊಡಗಿದಳು. ತೊಗಲು ಹೊಲಿಯುವಾಗ ದಬ್ಬಳಕ್ಕೆ ದಾರ ಪೋಣಿಸಲು ಅವನು ಬಹಳ ಹೊತ್ತು ತಡಕಾಡುತ್ತಿದ್ದ. ಬಿಸಿಲಿಗೆ ಹರವಿದ ಸೀಗೆಕಾಯಿಯನ್ನು ಮೆಟ್ಟಿಕೊಂಡು ಬರುತ್ತಿದ್ದ. ಎದುರು ಬಂದವರು ಮಾತಾಡಿಸುವವರೆಗೂ ಅವರ ಹೆಸರು ಹಿಡಿಯುತ್ತಿರಲಿಲ್ಲ. ಅವನ ಕಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥದೊಂದು ಬೆಳೆಯುತ್ತಿತ್ತು.

ಒಮ್ಮೆ ಊಟಕ್ಕೆ ಬಡಿಸುತ್ತ ಅವಳು ಮಾತು ತೆಗೆದಳು. ನಿಮ್ಮ ಕಣ್ಣು ಮೊದಲಿನಂತಿಲ್ಲ, ಸಂತೆಯ ಊರಿನ ವೈದ್ಯರಿಗೆ ತೋರಿಸೋಣ ಎಂದಳು. ಅವನು ಎತ್ತಿದ ತುತ್ತನ್ನು ತಟ್ಟೆಯಲ್ಲೇ ಇಟ್ಟ. ತನಗೆ ಏನೂ ಆಗಿಲ್ಲ ಎಂದ. "ಬಂಡೆಸಾಲು ಇಳಿಯಲಾರದ ದಿನ ಬಂದರೆ ನಾನು ಇದ್ದೂ ಇಲ್ಲದವನು" ಎಂದ. ಅಂದು ಅವನು ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆ ಬೆನ್ನು ನೋಡುತ್ತ ಅವಳು ಒಂದು ನಿರ್ಧಾರಕ್ಕೆ ಬಂದಳು. ಇನ್ನು ಈ ಮಾತು ಎತ್ತಬಾರದು. ಅವನಿಗೆ ಕಾಣದ್ದನ್ನು ತಾನು ನೋಡಿಕೊಂಡರಾಯಿತು.

ಅಂದಿನಿಂದ ಅವಳು ಕಂಬಳಿಯನ್ನು ಮಡಿಸಿ ಅದರ ಮೇಲೆ ಕೂರತೊಡಗಿದಳು. ಕುಳಿತ ಎತ್ತರ ಹೆಚ್ಚಿದರೆ ಅವನ ಭುಜದ ಮೇಲಿಂದ ನೀರು ಕಾಣುತ್ತಿತ್ತು. ವಯಸ್ಸಾಯಿತು, ಮೆತ್ತನೆಯ ಪೀಠ ಬೇಕಾಗಿದೆ ಎಂದು ಊರ ಹೆಂಗಸರು ನಕ್ಕರು. ಅವಳೂ ನಕ್ಕಳು. ಅವನು ಕೂಗುತ್ತಿದ್ದ. ಕೂಗು ಸರಿಯಿದ್ದರೆ ಹಾಗೇ ಮಾಡುತ್ತಿದ್ದಳು. ತಪ್ಪಿದ್ದರೆ ತನ್ನ ಕಣ್ಣಿಗೆ ಕಂಡಂತೆ ಮಾಡುತ್ತಿದ್ದಳು. ಎರಡರಲ್ಲೂ ಅವನ ದನಿ ಏಳುವವರೆಗೆ ಕಾದು, ಆ ದನಿಯ ಬೆನ್ನಿಗೇ ಹುಟ್ಟು ಇಳಿಸುತ್ತಿದ್ದಳು. ದೋಣಿ ವಾಲಿದ್ದು ಎತ್ತ ಎಂದು ಅವನು ಎಂದಾದರೂ ಕೇಳಿದರೆ, ನೀರು ತಳ್ಳಿತು ಎನ್ನುತ್ತಿದ್ದಳು.

ದೋಣಿ ಪ್ರತಿ ಸಲವೂ ಕ್ಷೇಮವಾಗಿ ಇಳಿಯಿತು. ಅದರಿಂದ ಅಂಬಿಗನಲ್ಲಿ ಒಂದು ನಂಬಿಕೆ ಬೆಳೆಯಿತು. ಕಣ್ಣು ಮಂಜಾಗಿದೆ, ನಿಜ. ಆದರೆ ಹೊಳೆ ತನ್ನೊಳಗೇ ಇಳಿದಿದೆ. ನೋಡದೆಯೂ ತಾನು ದಾರಿ ಬಲ್ಲೆ. ಇದನ್ನು ಅವನು ಹೆಂಡತಿಯ ಹತ್ತಿರ ಗುಟ್ಟಿನಂತೆ ಹೇಳಿಕೊಂಡ. ಹೇಳುವಾಗ ಅವನ ಮುಖ ಅರಳಿತ್ತು. ಅವಳಿಗೂ ಸಂತೋಷವಾಯಿತು. ತಾನು ಮಾಡಿದ್ದು ಸರಿ ಎಂದೇ ಅವಳು ಅಂದುಕೊಂಡಳು.

ಹೀಗೆ ವರ್ಷಗಳು ಹೋದವು.

ಒಂದು ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಎದ್ದು ಕೂರಲೂ ಆಗದ ಜ್ವರ. ಅದೇ ಸಮಯಕ್ಕೆ ಊರಿನ ಒಬ್ಬ ಯುವಕನಿಗೆ ಬಂಡೆಸಾಲು ಇಳಿಯಲು ಹಿರಿಯರ ಒಪ್ಪಿಗೆ ಸಿಕ್ಕಿತು. ಅವನು ವಿಧವೆಯ ಒಬ್ಬನೇ ಮಗ. ಸಮನೀರಿನಲ್ಲಿ ಅವನಷ್ಟು ಚೆನ್ನಾಗಿ ಹುಟ್ಟು ಹಾಕುವವರು ಅವನ ಓರಗೆಯಲ್ಲಿ ಇರಲಿಲ್ಲ. ಮೊದಲ ಸಲ ಇಳಿಯುವುದಾದರೆ ಅಂಬಿಗನನ್ನೇ ಮುಂದೆ ಕೂರಿಸಿಕೊಂಡು ಇಳಿಯಬೇಕೆಂಬುದು ಅವನ ಆಸೆ. ಬಂದು ಕಾಲು ಮುಟ್ಟಿ ಕೇಳಿದ. ಅಂಬಿಗ ಹಿಗ್ಗಿ ಒಪ್ಪಿದ.

ಹೊರಡುವ ದಿನ ಬೆಳಗ್ಗೆ ಯುವಕನ ತಾಯಿಯೂ ಜೊತೆಗೆ ಬಂದಳು. ಜ್ವರದವಳ ಹಾಸಿಗೆಯ ಪಕ್ಕ ಕೂತು ಅವಳ ಹಣೆ ಮುಟ್ಟಿ ನೋಡಿದಳು. ಮಗ ಮೊದಲ ಸಲ ಇಳಿಯುವಾಗ ತನ್ನ ಜೀವ ಕೈಯಲ್ಲಿರುತ್ತದೆ ಎಂದು ಹೆದರಿಕೊಂಡಿದ್ದಳಂತೆ. "ಅಣ್ಣ ಮುಂದೆ ಕೂರುತ್ತಾರೆ ಎಂದ ಮೇಲೆ ನನಗೆ ಯಾವ ಚಿಂತೆಯೂ ಇಲ್ಲ ಅಕ್ಕಾ" ಎಂದಳು.

ಹೆಂಡತಿ ಬಾಯಿ ತೆರೆದಳು. ಅವಳಿಗೆ ಜ್ವರವಿತ್ತು, ಆದರೆ ಎಚ್ಚರವಿತ್ತು. ಬಾಗಿಲಲ್ಲಿ ಗಂಡ ರುಮಾಲು ಸುತ್ತಿಕೊಳ್ಳುತ್ತ ನಿಂತಿದ್ದ. ಬಹಳ ದಿನದಿಂದ ಕಾಣದಷ್ಟು ನೆಟ್ಟಗೆ ನಿಂತಿದ್ದ. ನೀರು ಏರಿದೆ, ನಾಳೆಯೋ ನಾಡಿದ್ದೋ ಹೋದರಾಗದೇ ಎಂದಷ್ಟೇ ಅವಳ ಬಾಯಿಂದ ಬಂತು. ಗಂಡ ನಕ್ಕುಬಿಟ್ಟ. ಜ್ವರದಲ್ಲಿ ಎಲ್ಲರಿಗೂ ನೀರು ಏರಿದಂತೆಯೇ ಕಾಣುತ್ತದೆ ಎಂದ.

ಗಂಡನೂ ಆ ತಾಯಿಯೂ ಅಂಗಳಕ್ಕೆ ಇಳಿದ ಮೇಲೆ ಅವಳು ಯುವಕನನ್ನು ಹತ್ತಿರ ಕರೆದಳು. ಅವನ ಮಣಿಕಟ್ಟು ಹಿಡಿದುಕೊಂಡು, "ನೀರನ್ನು ನಿನ್ನ ಕಣ್ಣಿಂದಲೂ ನೋಡಪ್ಪ" ಎಂದಳು.

"ಅವರು ಮುಂದೆ ಕೂತ ಮೇಲೆ ನಾನು ನೋಡುವುದು ಏನಿದೆ ದೊಡ್ಡವ್ವ? ಅವರು ಹೇಳಿದಂತೆ ಮಾಡಿದರೆ ಸಾಕಲ್ಲ" ಎಂದ ಅವನು.

ಅವಳು ಮಣಿಕಟ್ಟು ಬಿಟ್ಟಳು. ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ದಾಟಿ ಹೋದ.

ಮಧ್ಯಾಹ್ನದ ಹೊತ್ತಿಗೆ ಜೇನು ಕೀಳುವವರು ಅಂಬಿಗನನ್ನು ಹೊತ್ತುಕೊಂಡು ಬಂದರು. ಕೆಳಗಿನ ಮಡುವಿನಲ್ಲಿ ಮುರಿದ ಬಿದಿರು ಹಿಡಿದು ತೇಲುತ್ತಿದ್ದನಂತೆ. ಯುವಕ ಸಿಕ್ಕಿರಲಿಲ್ಲ. ಅಂಬಿಗನ ಮೈಯೆಲ್ಲ ತರಚಿತ್ತು. ಅವನು ಅಳುತ್ತಿದ್ದ. ನಡುಬಂಡೆಯ ಹತ್ತಿರ ಬಲಕ್ಕೆ ಎಂದು ತಾನು ಕೂಗಿದ್ದಾಗಿಯೂ, ಕೂಗಿದ ಮರುಗಳಿಗೆಯಲ್ಲೇ ದೋಣಿ ಬಂಡೆಗೆ ಬಡಿದು ಒಡೆದದ್ದಾಗಿಯೂ ಹೇಳಿದ. ಅದೇ ಜಾಗದಲ್ಲಿ ಎಷ್ಟು ಸಲ ಹಾಗೆಯೇ ಕೂಗಿಲ್ಲ, ಎಷ್ಟು ಸಲ ದಾಟಿಲ್ಲ ಎಂದು ಹಲುಬಿದ. ಹುಡುಗ ಬಲಕ್ಕೆ ತಿರುಗಿಸಿದ್ದರೆ ಬಂಡೆ ಸಿಗುತ್ತಿರಲಿಲ್ಲ, ಹೆದರಿ ಎಡಕ್ಕೆ ಎಳೆದಿರಬೇಕು ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ಅವನು ನಂಬಿದ್ದ.

ಹೆಂಡತಿ ಹಾಸಿಗೆಯಲ್ಲೇ ಕಣ್ಣು ಮುಚ್ಚಿದಳು. ಹೊಳೆ ಏರಿದಾಗ ನಡುಬಂಡೆಯ ಬಲಕ್ಕೆ ದಾರಿಯೇ ಇರುವುದಿಲ್ಲ. ಅಲ್ಲಿ ನೀರು ಬಂಡೆಯ ಅಡಿಗೆ ನುಗ್ಗುತ್ತದೆ. ಆ ಜಾಗದಲ್ಲಿ ಅವನು ಬಲಕ್ಕೆ ಎಂದಾಗಲೆಲ್ಲ ಅವಳು ಎಡಕ್ಕೆ ಎಳೆದಿದ್ದಳು.

ಮರುದಿನ ನೀರು ತಗ್ಗಿತು. ಹೆಣ ಸಿಕ್ಕಿದ್ದು ನಡುಬಂಡೆಯ ಬಲಮಗ್ಗುಲಲ್ಲಿ. ಅದನ್ನು ನೋಡಿ ಊರವರು ಏನೂ ಯೋಚಿಸಲಿಲ್ಲ. ನೀರು ಎಲ್ಲಿಂದ ಎಲ್ಲಿಗೋ ತಳ್ಳುತ್ತದೆ ಎಂದುಕೊಂಡರು. ಏರಿದ ಹೊಳೆಯಲ್ಲಿ ಬಲಕ್ಕೆ ದಾರಿಯಿಲ್ಲ ಎಂದು ಬಲ್ಲವರೂ ಅವನಿಗೆ ಕಂಡಿರಬೇಕು ಎಂದುಕೊಂಡು, ಅಂಬಿಗನ ಮಾತನ್ನು ಎಲ್ಲರೂ ನಂಬಿದರು. ಅವನ ಕೂಗು ಎಂದಾದರೂ ತಪ್ಪಿದ್ದುಂಟೇ? ಮಣ್ಣು ಮುಗಿಸಿ ಬರುವಾಗಲೇ ಹಿರಿಯರು ಈ ಮಾತು ಆಡಿದರು. ಸಮನೀರಿನಲ್ಲಿ ಕಲಿಯುವವರಿಗೆ ಪಾಠ ಹೇಳುವಾಗ ಅದೇ ಮಾತು ಬಂತು. ಕೂಗನ್ನು ಮೀರಬೇಡಿ, ಮಾಳಿಂಗ ಮಾಡಿದಂತೆ ಮಾಡಬೇಡಿ ಎಂದರು. ಮಾಳಿಂಗ ಎಂಬುದು ಸತ್ತವನ ಹೆಸರು.

ಹೆಂಡತಿಯ ಜ್ವರ ಇಳಿಯಿತು. ಅವಳು ಎದ್ದು ಓಡಾಡತೊಡಗಿದಳು. ನೀರಿಗೆ ಹೋದರೆ ಆ ಮಾತು ಕಿವಿಗೆ ಬೀಳುತ್ತಿತ್ತು. ಅವಳು ಕೊಡ ತುಂಬಿಕೊಂಡು ಬೇಗ ಬಂದುಬಿಡುತ್ತಿದ್ದಳು. ಮನೆಯಲ್ಲಿ ಗಂಡ ಮೂಲೆಯಲ್ಲಿ ಕೂತು, ಆ ಹುಡುಗನನ್ನು ಕರೆದುಕೊಂಡು ಹೋಗಬಾರದಿತ್ತು ಎಂದು ಮರುಗುತ್ತಿದ್ದ. ಈಗ ಹೇಳಿದರೆ ಇವನೂ ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹೋದವನಂತೂ ಹೋದ. ಇರುವವನನ್ನಾದರೂ ಉಳಿಸಿಕೊಳ್ಳಬೇಕಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡು ಅವಳು ದಿನ ದೂಡಿದಳು.

ಒಂದು ಬೆಳಗ್ಗೆ ಮಾಳಿಂಗನ ತಾಯಿ ಮನೆಗೆ ಬಂದಳು. ಮಗ ಸತ್ತ ಮೇಲೆ ಅವಳು ಮನೆ ಬಿಟ್ಟು ಹೊರಬಿದ್ದದ್ದು ಅದೇ ಮೊದಲು. ಹೆಂಡತಿ ಚಾಪೆ ಹಾಸಿದಳು. ತಾಯಿ ಚಾಪೆಯ ಮೇಲೆ ಕೂರಲಿಲ್ಲ. ಅಂಬಿಗ ಕೂತಿದ್ದ ಮೂಲೆಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಸೆರಗನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಅಣ್ಣ, ನನ್ನ ಮಗ ಮಾತು ಮೀರಿ ನಿಮ್ಮ ಜೀವಕ್ಕೂ ಅಪಾಯ ತಂದ. ಚಿಕ್ಕಂದಿನಿಂದ ಅವನು ಯಾರ ಮಾತನ್ನೂ ಮೀರಿದವನಲ್ಲ. ಅಂದು ಯಾಕೆ ಮೀರಿದನೋ ತಿಳಿಯದು. ಹೊಟ್ಟೆಗೆ ಹಾಕಿಕೊಳ್ಳಿ" ಎಂದಳು.

ಅಂಬಿಗ ಕಣ್ಣೊರೆಸಿಕೊಂಡ. ನಾನು ಎಂದೋ ಮರೆತೆ ತಾಯಿ, ಅವನ ಮೇಲೆ ನನಗೆ ಕೋಪವಿಲ್ಲ ಎಂದ. ತಾಯಿ ಅವನ ಪಾದ ಮುಟ್ಟಲು ಬಗ್ಗಿದಳು.

ಹೆಂಡತಿಗೆ ಅದನ್ನು ನೋಡಲಾಗಲಿಲ್ಲ. ಹೋಗಿ ಆ ಕೈಗಳನ್ನು ಹಿಡಿದುಕೊಂಡಳು.

"ನಿನ್ನ ಮಗ ಮಾತು ಮೀರಲಿಲ್ಲ ತಂಗಿ. ಮೀರಿದ್ದರೆ ಬದುಕುತ್ತಿದ್ದ. ಮೀರುತ್ತಿದ್ದವಳು ನಾನು" ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಗಂಡನ ಕಣ್ಣು, ತನ್ನ ಕಂಬಳಿ, ಕೂಗಿನ ಬೆನ್ನಿಗೆ ಹುಟ್ಟು ಇಳಿಸುತ್ತಿದ್ದ ಬಗೆ, ನಡುಬಂಡೆಯ ಎಡದ ದಾರಿ. ಹೇಳುವಾಗ ಅವಳು ಗಂಡನ ಕಡೆ ನೋಡಲಿಲ್ಲ. ತಾಯಿ ಕೊನೆಯವರೆಗೂ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಹಿಡಿದಿದ್ದ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು.

"ಅಂದು ಬೆಳಗ್ಗೆ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ ಅಕ್ಕಾ" ಎಂದಳು. ಅಷ್ಟೇ ಹೇಳಿ ಹೊರಟುಹೋದಳು.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಅವನು ಅವಳಿದ್ದ ಕಡೆಗೆ ಮುಖ ತಿರುಗಿಸಿದ. "ನನ್ನ ಕೂಗು ಒಂದೂ ಸರಿ ಇರಲಿಲ್ಲವೇ?" ಎಂದು ಕೇಳಿದ.

"ಕೆಲವು ಇದ್ದವು" ಎಂದಳು ಅವಳು.

ಅವನು ತನ್ನನ್ನು ಕಟ್ಟೆಗೆ ಕರೆದುಕೊಂಡು ಹೋಗು ಎಂದ. ಅವಳು ಕೈ ಹಿಡಿದು ಕರೆದುಕೊಂಡು ಹೋದಳು. ಅವನು ಹಿರಿಯರ ಎದುರು ನಿಂತು, ಸತ್ತವನ ತಪ್ಪು ಏನೂ ಇಲ್ಲ, ಅವನು ತನ್ನ ಕೂಗಿನಂತೆಯೇ ನಡೆದ, ತನಗೇ ಕಣ್ಣು ಕಾಣುತ್ತಿರಲಿಲ್ಲ ಎಂದು ಹೇಳಿದ. ಹೆಂಡತಿಯ ಮಾತು ಅವನು ಎತ್ತಲಿಲ್ಲ. ಅವಳೇ ಮುಂದೆ ಬಂದು ಅದನ್ನೂ ಹೇಳಿದಳು. ಯಾರೂ ಅವರನ್ನು ನಿಂದಿಸಲಿಲ್ಲ. ಕಟ್ಟೆಯ ಮೇಲೆ ಕೂತವರು ಎಂದಿನಂತೆ ಸರಿದು ಅವನಿಗೆ ಎಡೆ ಮಾಡಿಕೊಟ್ಟರು. ಅವನು ಕೂರಲಿಲ್ಲ. ಮತ್ತೆಂದೂ ಆ ಕಡೆ ಹೋಗಲೂ ಇಲ್ಲ.

ಮಾಳಿಂಗನ ಹೆಸರು ಹಿಡಿದು ಪಾಠ ಹೇಳುವುದು ನಿಂತಿತು. ಅವನ ತಾಯಿ ಬೇರೆ ಕಡೆಯಿಂದ ನೀರು ತರತೊಡಗಿದಳು. ಅದು ದೂರದ ದಾರಿ, ಆದರೆ ಅಂಬಿಗನ ಮನೆಯ ಮುಂದೆ ಹಾಯುವುದಿಲ್ಲ. ಇಷ್ಟು ವರ್ಷ ಬಂಡೆಸಾಲಿನಲ್ಲಿ ನಿಜವಾಗಿ ದಾರಿ ನೋಡಿದವಳು ಯಾರು ಎಂಬುದು ಈಗ ಊರಿಗೆಲ್ಲ ತಿಳಿದಿತ್ತು. ಕೂಗೂ ತಾನೇ, ಹುಟ್ಟೂ ತಾನೇ ಆಗಿ ಹೇಗೆ ಇಳಿದಳಪ್ಪ ಎಂದು ಕೆಲವರು ಬೆರಗಿನಿಂದ ಹೊಗಳುತ್ತಿದ್ದರು. ಆ ಮಾತು ಶುರುವಾದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಅವಳು ಮತ್ತೆ ದೋಣಿ ಹತ್ತಲಿಲ್ಲ.

ಅಂಬಿಗ ಇನ್ನೂ ಕೆಲವು ವರ್ಷ ಬದುಕಿದ. ಇದ್ದಷ್ಟು ಬೆಳಕೂ ಅವನ ಕಣ್ಣಿಂದ ಹೋಯಿತು. ಹೆಂಡತಿ ಕೈ ಹಿಡಿದು ನಡೆಸಿದರೆ ನಡೆಯುತ್ತಿದ್ದ. ಕೂರಿಸಿದರೆ ಕೂರುತ್ತಿದ್ದ. ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಅವಳ ಮೇಲೆ ಅವನು ಒಮ್ಮೆಯೂ ಸಿಟ್ಟಾಗಲಿಲ್ಲ. ಆದರೆ ಅವಳು ಏನಾದರೂ ಹೇಳಿದರೆ, ಹೇಳಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕಿವಿಗೊಟ್ಟು ಕೂತಿರುತ್ತಿದ್ದ. ಹೇಳದೆ ಉಳಿಸಿಕೊಂಡದ್ದು ಇನ್ನೇನಾದರೂ ಇದೆಯೇ ಎಂದು ಕಾಯುವಂತೆ. ಅವನು ಸಾಯುವವರೆಗೂ ಅವಳಿಗೆ ಆ ಮೌನವನ್ನು ತುಂಬಲು ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ಬಗ್ಗಿಸಿ ಕೂತಿದ್ದ. ಅವಳ ಮೇಲೆ ತಪ್ಪು ಹೊರಿಸಲು ಅವನಿಗೆ ಮನಸ್ಸು ಬರಲಿಲ್ಲ. ಅವಳು ತನಗಾಗಿ ಏನನ್ನೂ ಬಯಸಲಿಲ್ಲವಲ್ಲ ಎಂದ. ಗುರುಗಳು ಹೌದೆಂದು ತಲೆಯಾಡಿಸಿದರು. ಅದರಿಂದ ಅವನಿಗೆ ತುಸು ಧೈರ್ಯ ಬಂತು.

"ಮೊದಲೇ ನಿಜ ಹೇಳಿದ್ದರೆ ಆ ಅಂಬಿಗನ ಎದೆ ಒಡೆದುಹೋಗುತ್ತಿತ್ತಲ್ಲವೇ ಗುರುಗಳೇ?" ಎಂದು ಕೇಳಿದ.

"ಒಡೆಯುತ್ತಿತ್ತು, ಅವನೊಬ್ಬನದು ಮಾತ್ರ" ಎಂದರು ಗುರುಗಳು.